ನೀರಿನ ದಿನ ಹುಡುಕಿದ ಪಿ.ಟಿ. ಸರ್

ನಮ್ಮ ಪಿ.ಟಿ. ಸರ್ ನಿವೃತ್ತರಾದ ದಿನ ಮೈಕು ನನ್ನ ಕೈಗೂ ಬಂತು. ಸರಳ ಜೀವಿ, ಸಮಯಪಾಲಕರು, ಮಕ್ಕಳ ಮೆಚ್ಚಿನ ಗುರುಗಳು ಎಂದು ಮೂರು ಮಾತು ಹೇಳಿ ಇಳಿದೆ. ಮೂರರಲ್ಲಿ ಒಂದು ಅಪ್ಪಟ ಸುಳ್ಳು. ಸಮಯಪಾಲನೆಗೂ ಅವರಿಗೂ ಎಣ್ಣೆ ಸೀಗೆಕಾಯಿ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಬೆಳಗಿನ ಬಸ್ಸನ್ನು ನಾವಿಬ್ಬರೂ ಎಷ್ಟೋ ವರ್ಷ ಹಿಡಿದಿದ್ದೇವೆ. ಹಿಡಿದವಳು ನಾನು, ಅವರು ಓಡಿ ಬಂದು ಜೋತುಬೀಳುತ್ತಿದ್ದರು. ವೇದಿಕೆಯ ಮೇಲೆ ನಾನು ಹೇಳಬೇಕಾಗಿದ್ದ ಮಾತು ಬೇರೆಯೇ ಇತ್ತು. ಹಾರ, ಶಾಲು, ಹಣ್ಣಿನ ಬುಟ್ಟಿಗಳ ನಡುವೆ ಅದನ್ನು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಈಗ ಬರೆಯುತ್ತೇನೆ.

ನಮ್ಮದು ಹೈಸ್ಕೂಲು, ಪಿಯು ಎರಡೂ ಒಂದೇ ಕಾಂಪೌಂಡಿನಲ್ಲಿರುವ ಕಾಲೇಜು. ನಾನು ಅರ್ಥಶಾಸ್ತ್ರ ಹೇಳುವವಳು, ಅವರು ಆಟ ಆಡಿಸುವವರು. ಗಿಡ್ಡ ಆಳು, ಆಟದ ಮಾಸ್ತರನಿಗೆ ಒಪ್ಪದಷ್ಟು ಹೊಟ್ಟೆ. ಕೊರಳಲ್ಲಿ ಸದಾ ಸೀಟಿ, ಆದರೆ ಅದನ್ನು ಊದಿದ್ದು ನಾನು ಕೇಳಿದ್ದು ಅಪರೂಪ. "ಊದಿದ್ರ ಹುಡುಗರು ಅಂಜತಾವ್ರಿ. ಕೊಳ್ಳಾಗಿದ್ರ ಸಾಕು" ಎನ್ನುತ್ತಿದ್ದರು. ಪ್ಯಾಂಟಿನ ಬಲಗಡೆ ಜೇಬಿನಲ್ಲಿ ಹುರಿದ ಶೇಂಗಾ, ಎಡಗಡೆ ಜೇಬಿನಲ್ಲಿ ಶೇಂಗಾದ ಸಿಪ್ಪೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೇಳದೆಯೇ ಒಂದು ಮುಷ್ಟಿ ಸುರಿಯುತ್ತಿದ್ದರು. ಕೆಲವೊಮ್ಮೆ ಮರೆತು ಎಡಗಡೆ ಜೇಬಿಗೆ ಕೈ ಹಾಕುತ್ತಿದ್ದರು, ಆಗ ನನ್ನ ಮಡಿಲ ತುಂಬ ಸಿಪ್ಪೆ.

ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನಾವೆಲ್ಲ ಕಣ್ಣು ಮುಚ್ಚಿ ನಿಂತಿರುತ್ತಿದ್ದೆವು. ಅವರು ಮಾತ್ರ ಕಣ್ಣು ಬಿಟ್ಟುಕೊಂಡು ಸಾಲುಗಳ ನಡುವೆ ಓಡಾಡಿ, ಒಂದು ಸಣ್ಣ ಬುಕ್ಕಿನಲ್ಲಿ ಅವತ್ತು ಬಾರದ ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದರು. ಹಾಜರಿ ಹಾಕುವುದು ನಮ್ಮ ಕೆಲಸ, ನಿಮಗೇಕೆ ಈ ಉಸಾಬರಿ ಎಂದು ಒಮ್ಮೆ ಕೇಳಿದ್ದೆ.

"ನೀವು ಬಂದವರ್ನ ಬರಕೊಳ್ರಿ ಮೇಡಂ. ಬಂದವರು ಎಲ್ಲಿ ಹೊಕ್ಕಾರ? ಕಣ್ಣ ಮುಂದ ಇರ್ತಾರ. ಬರದವರ್ನ ಯಾರರೆ ಒಬ್ಬರು ನೋಡಬೇಕಲ್ರಿ."

ನನಗೆ ಆಗ ಅದು ಕೆಲಸವಿಲ್ಲದವರ ಮಾತು ಎನ್ನಿಸಿತ್ತು. ಎಣಿಸುವುದು ಅವರಿಗೆ ಒಂದು ಚಟ. ಗಳಗನಾಥಕ್ಕೆ ಹುಡುಗಿಯರ ಖೋ ಖೋ ತಂಡವನ್ನು ಕರೆದೊಯ್ದಾಗ ನಾನೂ ಜೊತೆಗಿದ್ದೆ. ವಾಪಸು ಬರುವಾಗ ಟೆಂಪೋ ಹತ್ತಿದ ತಲೆಗಳನ್ನು ಎಣಿಸಿದರೆ ಒಂದು ಹೆಚ್ಚು. ಮೂರು ಸಲ ಎಣಿಸಿದರೂ ಹೆಚ್ಚೇ. ಆ ಊರಿನ ಒಬ್ಬ ಹುಡುಗಿ, ಆಟ ನೋಡಿ ಮರುಳಾಗಿ, ನಮ್ಮವರ ನಡುವೆ ಸದ್ದಿಲ್ಲದೆ ಕೂತುಬಿಟ್ಟಿದ್ದಳು. ಬೈಯುತ್ತಾರೆ ಎಂದುಕೊಂಡೆ. ಅವಳ ಕೈ ಹಿಡಿದು ಮನೆತನಕ ನಡೆದು ಹೋಗಿ, ಅವಳ ಅವ್ವನ ಜೊತೆ ಅರ್ಧ ತಾಸು ಮಾತಾಡಿ, ಚಹಾ ಕುಡಿದು ಬಂದರು. ನಾವು ಬಿಸಿಲಲ್ಲಿ ಕಾದಿದ್ದೆವು. "ಚಲೋ ಓಡ್ತಾಳ್ರಿ ಅಕಿ. ಅವರವ್ವಗ ಹೇಳಿ ಬಂದೆ" ಎಂದರು.

ಇನ್ನು ಆ ಸುತ್ತೋಲೆಯ ಕಥೆ. ವಿದ್ಯಾರ್ಥಿಗಳು ನಾಲ್ಕು ನಾಲ್ಕು ಜನರ ತಂಡ ಮಾಡಿಕೊಂಡು, ಎಐ ಬಳಸಿ ತಮ್ಮ ಊರಿನ ಒಂದು ಸಮಸ್ಯೆಗೆ ಪರಿಹಾರ ಯೋಜಿಸಬೇಕು, ಹಾವೇರಿಯಲ್ಲಿ ಜಿಲ್ಲಾ ಸ್ಪರ್ಧೆ ಎಂದು ಬಂದಿತ್ತು. ಕಂಪ್ಯೂಟರ್ ಹೇಳುತ್ತಿದ್ದ ಅತಿಥಿ ಉಪನ್ಯಾಸಕರು ಬೇರೆ ಕೆಲಸ ಸಿಕ್ಕು ಹೋಗಿದ್ದರು. ಪ್ರಿನ್ಸಿಪಾಲರು ಕಾಗದವನ್ನು ಸೀದಾ ಪಿ.ಟಿ. ಸರ್ ಮುಂದೆ ಹಿಡಿದರು.

"ಸರ, ಇದರಾಗ ತಂಡ ಅಂತ ಬರದಾರ. ತಂಡ ಅಂದ್ರ ನಿಮ್ಮ ಖಾತೆ."

"ಕೊಡ್ರಿ. ಇದು ಏನು ಆಡತೈತಿ ನೋಡೂಣು."

ಸ್ಟಾಫ್ ರೂಮಿನಲ್ಲಿ ನಕ್ಕವರಲ್ಲಿ ನಾನೇ ಮೊದಲಿಗಳು. "ಸರ, ಎಐ ಅಂದ್ರ ಏನಂತ ಗೊತ್ತೈತೇನ್ರಿ ನಿಮಗ?" ಎಂದೆ.

"ಇಲ್ರಿ ಮೇಡಂ. ನಿಮಗ?"

ನನಗೂ ಗೊತ್ತಿರಲಿಲ್ಲ. ಸುಮ್ಮನೆ ನೋಟ್ಸು ತಿರುವಿ ಹಾಕಿದೆ.

ಕುಪ್ಪೇಲೂರಿನಿಂದ ಒಂದೇ ಬಸ್ಸಿಗೆ ಬರುವ ಇಬ್ಬರು ಹುಡುಗರು, ಫೋನಿನಲ್ಲಿ ಏನು ಬೇಕಾದರೂ ಹುಡುಕಿ ತೆಗೆಯುವ ಶಬಾನಾ, ಈ ಮೂವರನ್ನು ಆರಿಸಿದರು. ನಾಲ್ಕನೆಯವಳು ರೇಣುಕಾ. ಆರಿಸಿದ ದಿನ ಅವಳು ಕಾಲೇಜಿಗೇ ಬಂದಿರಲಿಲ್ಲ. ನಾನು ಅವಳ ತರಗತಿಯ ಉಸ್ತುವಾರಿ, ಸುಮ್ಮನಿರಲು ಆಗಲಿಲ್ಲ.

"ಸರ, ಅಕಿ ಹೆಸರು ಬ್ಯಾಡ್ರಿ. ಮೂರು ದಿನ ಬಂದ್ರ ಮೂರು ದಿನ ಇರೂದಿಲ್ಲ. ಎಪ್ಪತ್ತೈದು ಪರ್ಸೆಂಟ್ ಹಾಜರಿ ಆಗೂದಿಲ್ಲ, ಪರೀಕ್ಷೆಗೆ ಕುಂದ್ರಾಕ ನಾ ಬಿಡೂದಿಲ್ಲ."

"ಅದಕ್ಕ ಅಕಿನ್ನ ತೊಗೊಂಡೇನ್ರಿ" ಎಂದು ಜೇಬಿನ ಬುಕ್ಕು ತೆಗೆದು ತೋರಿಸಿದರು. ರೇಣುಕಾ ತಪ್ಪಿಸಿದ ದಿನಗಳು ಒಂದೊಂದೂ ಅಲ್ಲಿದ್ದವು. ಐದಾರು ದಿನ ಬಂದಿದ್ದಾಳೆ, ಮೂರು ದಿನ ಇಲ್ಲ. ಮತ್ತೆ ಐದಾರು ದಿನ ಬಂದಿದ್ದಾಳೆ, ಮತ್ತೆ ಮೂರು ದಿನ ಇಲ್ಲ. "ಸೊಂಬೇರಿತನ ಹಿಂಗ ವರಸಿ ಹಿಡದು ಬರೂದಿಲ್ಲ ಮೇಡಂ. ಏನೋ ಐತಿ."

ಏನಿದೆ ಎಂಬುದು ನನಗೆ ಆಗಲೇ ಗೊತ್ತಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ವರ್ಷದ ಆರಂಭದಲ್ಲಿ ರೇಣುಕಾ ಒಂದು ರಜೆ ಅರ್ಜಿ ತಂದಿದ್ದಳು. ಕಾರಣ: ನೀರು ತುಂಬುವುದು. ಇದೆಲ್ಲ ಕಾರಣ ಅಲ್ಲ ಎಂದು ನಾನು ವಾಪಸು ಕೊಟ್ಟಿದ್ದೆ. ಆಮೇಲಿನ ಅರ್ಜಿಗಳಲ್ಲೆಲ್ಲ ಜ್ವರ ಎಂದೇ ಬರೆದಿದ್ದಳು. ಆ ಹುಡುಗಿಗೆ ಎಷ್ಟು ಜ್ವರ ಬಂದರೂ ನಾನು ಒಂದು ಸಲವೂ ಮೈ ಮುಟ್ಟಿ ನೋಡಲಿಲ್ಲ.

ಸಮಸ್ಯೆ ಆರಿಸುವ ದಿನ ಹುಡುಗರು ದೊಡ್ಡ ದೊಡ್ಡದನ್ನೇ ತಂದಿದ್ದರು. ಮಾಲಿನ್ಯ, ಅಪಘಾತ, ನಿರುದ್ಯೋಗ. ಸರ್ ಮೈದಾನದ ಬೇವಿನ ಮರದ ಕೆಳಗೆ ಕೂತು ಶೇಂಗಾ ಸುಲಿಯುತ್ತ ಎಲ್ಲವನ್ನೂ ಕೇಳಿದರು. ಆಮೇಲೆ ಒಂದೇ ಪ್ರಶ್ನೆ.

"ಹೋದ ವಾರ ನಿಮ್ಮನ್ಯಾಗ ಯಾರು ಯಾರಿಗೆ ಬೈದ್ರು? ಯಾಕ ಬೈದ್ರು? ಖರೇ ಹೇಳ್ರಿ."

ಮಕ್ಕಳು ಮುಖ ಮುಖ ನೋಡಿಕೊಂಡರು. ಶಬಾನಾ ಹೇಳಿದಳು, ಮೋಟರ್ ಹಚ್ಚೋದು ಮರೆತದ್ದಕ್ಕೆ ಅಮ್ಮಿ ಬೈದಳು. ಕುಪ್ಪೇಲೂರಿನವನೊಬ್ಬ, ಕೊಡ ಒಡೆದದ್ದಕ್ಕೆ ಎಂದ. ರೇಣುಕಾಳ ಸರದಿ ಬಂದಾಗ ಅವಳು ತಲೆ ತಗ್ಗಿಸಿದಳು. ಸರ್ ಒತ್ತಾಯ ಮಾಡಲಿಲ್ಲ, ಒಂದು ಮುಷ್ಟಿ ಶೇಂಗಾ ಅವಳ ಕೈಗೆ ಸುರಿದರು. ಅವಳು ತಿನ್ನುತ್ತ ತಿನ್ನುತ್ತ ಎಲ್ಲವನ್ನೂ ಹೇಳಿದಳು.

ಅವಳ ಅವ್ವ ಬೆಳಗಿನ ರೈಲಿಗೆ ಬ್ಯಾಡಗಿಗೆ ಹೋಗುತ್ತಾಳೆ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ. ಮನೆಯಲ್ಲಿ ಇನ್ಯಾರೂ ಇಲ್ಲ. ಓಣಿಗೆ ಒಂದೇ ನಳ. ನೀರು ಎಂಟು ದಿನಕ್ಕೂ ಬರಬಹುದು, ಹತ್ತು ದಿನಕ್ಕೂ ಬರಬಹುದು. ಬಂದರೆ ಒಂದು ತಾಸು. ಆ ತಾಸು ತಪ್ಪಿದರೆ ಮುಂದಿನ ಸರದಿಯತನಕ ಮನೆಯಲ್ಲಿ ಹನಿ ನೀರಿಲ್ಲ. ಹೀಗಾಗಿ ಎಂಟನೆಯ ದಿನದಿಂದ ಅವಳು ಕೊಡ ಇಟ್ಟುಕೊಂಡು ಕಾಯುತ್ತಾಳೆ, ಬರುವತನಕ.

ಸರ್ ಬೆರಳು ಮಡಿಸಿ ದಿನ ಎಣಿಸಿದರು. "ಅಂದ್ರ ತುಂಬಾಕ ಒಂದ ದಿನ ಸಾಕು. ಉಳಿದ ಎರಡು ದಿನ ಬರೇ ಕಾಯಾಕ ಹೊಂಟಾವು. ಯಾವತ್ತು ಬರತೈತಿ ಅಂತ ಹಿಂದಿನ ದಿನ ಗೊತ್ತಾದ್ರ?"

"ಗೊತ್ತಾದ್ರ ನಾ ಪರೀಕ್ಷೆಗೆ ಕುಂದ್ರಬಹುದ್ರಿ ಸರ" ಎಂದಳು ರೇಣುಕಾ.

ನೀರು ಬರುವ ದಿನವನ್ನು ಮೊದಲೇ ಹೇಳುವ ಯೋಜನೆ ಅಲ್ಲೇ ನಿಶ್ಚಯವಾಯಿತು. ಮಾಹಿತಿ ಎಲ್ಲಿಂದ ತರುವುದು ಎಂದು ಶಬಾನಾ ಕೇಳಿದಳು. ಫೋನಿನೊಳಗಿನ ಎಐ, ಹಳೆಯ ದಾಖಲೆ ಇದ್ದರೆ ಮುಂದಿನದನ್ನು ಊಹಿಸಬಲ್ಲೆ ಎಂದಿತ್ತಂತೆ. "ದಾಖಲೆ ಗ್ವಾಡಿಗೆ ನೇತಬಿದ್ದಾವಲ್ಲ" ಎಂದರು ಸರ್. ಅವರು ಹೇಳಿದ್ದು ಗೋಡೆಯ ಮೇಲಿನ ಕ್ಯಾಲೆಂಡರ್. ನಮ್ಮ ಕಡೆ ಪ್ರತಿ ಅಡಿಗೆಮನೆಯಲ್ಲೂ ಕ್ಯಾಲೆಂಡರಿನ ಚೌಕಗಳಲ್ಲಿ ಸಂಸಾರವೇ ಇರುತ್ತದೆ. ಹಾಲು ಬಾರದ ದಿನ, ಸಿಲಿಂಡರ್ ಹಚ್ಚಿದ ದಿನ, ನೀರು ಬಂದ ದಿನ. ನಾಲ್ವರೂ ರೇಣುಕಾಳ ಓಣಿ, ಅದರ ಆಚೀಚಿನ ಓಣಿ ತಿರುಗಿ ಫೋಟೋ ತೆಗೆದುಕೊಂಡು ಬಂದರು. ಒಬ್ಬ ಅಜ್ಜಿ ಹಳೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆಯಲು ಬಿಡಲೇ ಇಲ್ಲವಂತೆ, ಅದರ ಮೇಲೆ ದೇವರ ಪಟವಿತ್ತು. ಹುಡುಗರು ಸ್ಟೂಲ್ ಹತ್ತಿ, ಹಾಳೆ ಎತ್ತೆತ್ತಿ ಫೋಟೋ ಹೊಡೆದರು.

ಎಐ ಮಾತಾಡುವುದನ್ನು ಸರ್ ಮೊದಲ ಸಲ ಕೇಳಿದ್ದು ಸ್ಟಾಫ್ ರೂಮಿನಲ್ಲಿ. ಶಬಾನಾ ಕನ್ನಡದಲ್ಲಿ ಕೇಳಿದಳು, ಅದು ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ವಿನಯದಿಂದ ಉತ್ತರ ಹೇಳಿತು. ಸರ್ ತಲೆದೂಗಿದರು. "ಮರ್ಯಾದಿಸ್ಥ ಐತಿ. ಊರಿಗೆ ಹೊಸದು, ಅಷ್ಟ. ಓಣಿ ತೋರಸ್ರಿ ಅದಕ್ಕ."

ಮುಂದಿನ ನೀರು ಗುರುವಾರ ಎಂದು ಅದು ಹೇಳಿತು. ರೇಣುಕಾ ನಂಬಿ ಬುಧವಾರ ಕಾಲೇಜಿಗೆ ಬಂದಳು. ನೀರು ಬುಧವಾರವೇ ಬಂದು ಹೋಯಿತು.

ಮರುದಿನ ಅವಳ ಕಣ್ಣು ಊದಿಕೊಂಡಿದ್ದವು. ಅವ್ವ ಹೊಡೆದಿರಲಿಲ್ಲ, ಮಾತು ಬಿಟ್ಟಿದ್ದಳು. ಸರ್ ನನ್ನ ಪೀರಿಯಡ್ಡಿನಲ್ಲಿ ಬಾಗಿಲಿಗೆ ಬಂದು ಖೋ ಖೋ ತಂಡದ ಹುಡುಗಿಯರನ್ನೆಲ್ಲ ಕರೆದುಕೊಂಡು ಹೋದರು. ಬೇಡಿಕೆ, ಪೂರೈಕೆ ಎಂದು ಬೋರ್ಡಿನ ಮೇಲೆ ಅರ್ಧ ಬರೆದಿದ್ದೆ. ಕಾಲೇಜಿನ ಬೋರ್‌ವೆಲ್ಲಿನಿಂದ ಕೊಡ ತುಂಬಿ, ತಳ್ಳುಗಾಡಿಯ ಮೇಲಿಟ್ಟು, ಸರ್ ಮುಂದೆ ಎಳೆಯುತ್ತ, ಹುಡುಗಿಯರು ಹಿಂದೆ ದೂಡುತ್ತ, ರೇಣುಕಾಳ ಮನೆಗೆ ನಾಲ್ಕು ಖೇಪು ಹೊಡೆದರು. ನಾನು ಪ್ರಿನ್ಸಿಪಾಲರಿಗೆ ದೂರು ಕೊಟ್ಟೆ. ಕೊಡದೆ ಇದ್ದಿದ್ದರೆ ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ.

ತಪ್ಪು ಎಲ್ಲಾಯಿತು ಎಂದು ಹುಡುಗರು ಮತ್ತೆ ಫೋಟೋ ಹರಡಿಕೊಂಡು ಕೂತರು. ಒಂದೇ ನಳದ ನೀರು, ಒಂದು ಮನೆಯ ಕ್ಯಾಲೆಂಡರಿನಲ್ಲಿ ಸೋಮವಾರ, ಪಕ್ಕದ ಮನೆಯಲ್ಲಿ ಮಂಗಳವಾರ. ಎಲ್ಲರೂ ಎಐಯನ್ನು ಬೈದರು. ಸರ್ ಮಾತ್ರ, "ಅದು ಪಾಪ ನೀವು ಕೊಟ್ಟಿದ್ದ ಓದೇತಿ. ಕ್ಯಾಲೆಂಡರದಾಗ ಬರದವರ್ನ ಕೇಳೂಣು ನಡೀರಿ" ಎಂದರು. ದೇವರ ಪಟದ ಕ್ಯಾಲೆಂಡರಿನ ಅಜ್ಜಿಯ ಬಳಿಗೇ ಹೋದರು.

"ಆವತ್ತ ನೀರು ನಸಕಿನ್ಯಾಗ ಬಂತು, ನಾಕು ಗಂಟೇಕ. ಸೋಮವಾರ ಬರದೇನಿ" ಎಂದಳು ಅಜ್ಜಿ.

"ಅಜ್ಜಿ, ಹನ್ನೆರಡು ದಾಟಿದ್ರ ಮಂಗಳವಾರ ಅಲ್ಲೇನು?" ಎಂದಳು ಶಬಾನಾ.

"ಸೂರ್ಯಾನ ಹುಟ್ಟಿಲ್ಲ, ಮಂಗಳವಾರ ಎಲ್ಲಿಂದ ಹುಟ್ಟತೈತವಾ?"

ಸರ್ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟರಂತೆ. ಅತ್ತೆ ಬರೆದ ಮನೆಗಳಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಸೊಸೆ ಬರೆದ ಮನೆಗಳಲ್ಲಿ ಫೋನು ಹೇಳಿದಂತೆ. ನಸುಕಿನಲ್ಲಿ ಬಂದ ನೀರೆಲ್ಲ ಹೀಗೆ ಎರಡು ದಿನಕ್ಕೆ ಹಂಚಿಹೋಗಿತ್ತು. ಹುಡುಗರು ಮತ್ತೆ ಮನೆಮನೆಗೆ ಹೋಗಿ, ಇಲ್ಲಿ ಬರೆಯುವವರು ಅತ್ತೆಯೋ ಸೊಸೆಯೋ ಎಂದು ಕೇಳಿಕೊಂಡು ಬಂದರು. ಇಬ್ಬರೂ ಬರೆಯುವ ಒಂದು ಮನೆಯಲ್ಲಿ ಈ ಪ್ರಶ್ನೆಯಿಂದಲೇ ಜಗಳವಾಯಿತು. ಲೆಕ್ಕ ಸರಿಪಡಿಸಿ ಕೊಟ್ಟ ಮೇಲೆ ಎಐ ಇನ್ನೊಂದು ವಿಷಯ ಹಿಡಿಯಿತು: ಹಿಂದಿನ ಓಣಿಗೆ ನೀರು ಬಂದ ಮೂರನೆಯ ದಿನಕ್ಕೆ ಇವರಿಗೆ. ಆಮೇಲೆ ಅದು ಹೇಳಿದ ದಿನಗಳು ಸರಿಯಾಗಿ ಬರತೊಡಗಿದವು. ರೇಣುಕಾ ಪ್ರತಿ ಸರದಿಗೂ ಮೂರು ದಿನದ ಬದಲು ಒಂದೇ ದಿನ ತಪ್ಪಿಸತೊಡಗಿದಳು. ಹಾಜರಿ ಮೇಲೇರಿತು. ಆದರೂ ಅಂಚಿನಲ್ಲೇ ಇತ್ತು. ಇನ್ನೊಂದು ದಿನ ತಪ್ಪಿದರೆ ಮುಗಿಯಿತು ಎನ್ನುವಷ್ಟು.

ಜಿಲ್ಲಾ ಸ್ಪರ್ಧೆ ಶುಕ್ರವಾರ ಬಂತು. ತಂಡದ ಪರವಾಗಿ ಮಾತಾಡುವವಳು ರೇಣುಕಾ. ಕಾಲೇಜಿನ ಕೆಲಸಕ್ಕೆ ಹಾವೇರಿಗೆ ಹೋದರೆ ಅವತ್ತಿನದು ಹಾಜರಿಯೇ, ಹೋಗದಿದ್ದರೆ ಗೈರು. ನೀರು ಯಾವತ್ತು ಎಂದು ಎಐಯನ್ನು ಕೇಳಿದರೆ, ಅದೂ ಶುಕ್ರವಾರ ಎಂದಿತು.

ಪರೀಕ್ಷೆಗೆ ಅನರ್ಹರಾದವರ ಪಟ್ಟಿಯನ್ನು ನಾನು ಸೋಮವಾರ ಕೊಡಬೇಕಿತ್ತು. ಬುಧವಾರವೇ ಬರೆದು ಮುಗಿಸಿದ್ದೆ. ಏಳು ಹೆಸರು, ಕೊನೆಯದು ರೇಣುಕಾ. ಹೇಗೂ ಶುಕ್ರವಾರ ತಪ್ಪಿಸುತ್ತಾಳೆ ಎಂದು ಮೊದಲೇ ಸೇರಿಸಿಬಿಟ್ಟಿದ್ದೆ. ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಆ ಪಟ್ಟಿ ನನ್ನ ಮಡಿಲಲ್ಲಿತ್ತು. ಪಕ್ಕದಲ್ಲಿ ಸರ್. ಅವರು ಅದನ್ನು ಓದಿದರು. ಮೇಲಿನಿಂದ ಕೊನೆಯತನಕ ಓದಿದ್ದನ್ನು ನಾನು ನೋಡಿದೆ. ಈಗ ಬೇಡಿಕೊಳ್ಳುತ್ತಾರೆ, ಒಂದು ದಿನದ ಹಾಜರಿ ಸುಳ್ಳು ಹಾಕಿ ಎನ್ನುತ್ತಾರೆ ಎಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡೆ. ಮೋಟೇಬೆನ್ನೂರು ದಾಟಿದ ಮೇಲೆ ಅವರು ಕೇಳಿದರು.

"ಮೇಡಂ, ನಾಳೆ ನಿಮಗ ಎಷ್ಟು ಕ್ಲಾಸ್ ಅದಾವ?"

"ಎರಡು. ಯಾಕ್ರಿ?"

"ನಾ ಹುಡುಗರ ಕೂಡ ಹಾವೇರ್ಯಾಗ ಇರಬೇಕು. ಅಕಿ ಮನಿ ನೀರು ತುಂಬಾವ್ರು ಯಾರೂ ಇಲ್ಲ. ನೀವು ತುಂಬತೀರೇನು?"

ನನಗೆ ಸಿಟ್ಟು ಬಂತು. ಇಷ್ಟು ವರ್ಷದ ನೌಕರಿಯಲ್ಲಿ ನನ್ನನ್ನು ಯಾರೂ ಕೊಡ ಹೊರಲು ಕರೆದಿರಲಿಲ್ಲ. ಆದರೆ ಅವರ ದನಿಯಲ್ಲಿ ಚುಚ್ಚು ಇರಲಿಲ್ಲ, ಪಟ್ಟಿಯ ಮಾತೂ ಇರಲಿಲ್ಲ. ಪಕ್ಕದ ಮನೆಯವರನ್ನು ಕೇಳುವ ಹಾಗೆ ಕೇಳಿದ್ದರು. ಆಯ್ತು ಎಂದುಬಿಟ್ಟೆ. ಕಾಲೇಜು ಮುಟ್ಟಿ ರಜೆ ಅರ್ಜಿ ಬರೆಯಲು ಕೂತೆ. ಕಾರಣದ ಮುಂದೆ ಪೆನ್ನು ನಿಂತಿತು. ನೀರು ತುಂಬುವುದು ಎಂದು ಬರೆದೆ. ಪ್ರಿನ್ಸಿಪಾಲರು ಎರಡು ಸಲ ಓದಿ ಸಹಿ ಮಾಡಿದರು.

ಶುಕ್ರವಾರ ಒಂಬತ್ತಕ್ಕೆಲ್ಲ ಆ ಓಣಿಯಲ್ಲಿದ್ದೆ. ಸಾಲಾಗಿ ಕೊಡಗಳು, ಅವುಗಳ ನಡುವೆ ರೇಣುಕಾ ಇಟ್ಟುಹೋದ ಎರಡು ಕೊಡ. ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಟೀಚರ್ರ, ಸೀರಿ ಎತ್ತಿ ಕಟ್ರಿ, ಕಾಲಾಗ ಸಿಗತೈತಿ" ಎಂದಳು. ಹತ್ತಾಯಿತು, ಹನ್ನೊಂದಾಯಿತು. ನಳ ಬರೀ ಗಾಳಿ ಬಿಟ್ಟಿತು. ಬಾರದಿದ್ದರೆ ಏನು ಗತಿ ಎಂದು ಮತ್ತೆ ಮತ್ತೆ ನಳ ತಿರುಗಿಸಿ ನೋಡಿದೆ. ಒಂದು ಬೆಳಗು ಕಾಯುವುದು ಇಷ್ಟು ಕಷ್ಟ ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹನ್ನೊಂದೂಮುಕ್ಕಾಲಿಗೆ ನಳ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ಸ್ವಚ್ಛ ನೀರು ಸುರಿಸಿತು.

ಮೂರನೆಯ ಸಲ ಕೊಡ ಎತ್ತುವಾಗ ಫೋನು ಬಂತು. ಸರ್.

"ಮೇಡಂ, ಇಲ್ಲಿ ತೀರ್ಪುಗಾರರು ಕೇಳಾಕತ್ಯಾರ. ಎಲ್ಲರಿಗೂ ಕೇಳಸ್ಲಿ ಅಂತ ಸ್ಪೀಕರ್ ಹಾಕೇನಿ. ನೀರು ಬಂತೇನ್ರಿ?"

"ಬಂದೈತ್ರಿ. ಫೋನ್ ಇಡ್ರಿ, ಕೊಡ ತುಂಬೇತಿ."

ಅಲ್ಲಿ ನಡೆದದ್ದನ್ನು ಆಮೇಲೆ ಶಬಾನಾ ಹೇಳಿದಳು. ಇದರಲ್ಲಿ ಹೊಸ ಯಂತ್ರವಿಲ್ಲ, ನೀರೇನೂ ಹೆಚ್ಚಾಗಲಿಲ್ಲ, ಹಾಗಾದರೆ ಎಐ ಯಾವ ಸಮಸ್ಯೆ ಬಗೆಹರಿಸಿತು ಎಂದು ಒಬ್ಬರು ಕೇಳಿದ್ದರಂತೆ. ರೇಣುಕಾ, "ಇವತ್ತ ನಮ್ಮ ಓಣ್ಯಾಗ ನೀರು ಬರತೈತ್ರಿ. ಮತ್ತ ನಾ ಇಲ್ಲಿ ಅದೀನ್ರಿ" ಎಂದಳಂತೆ. ಸರ್ ಫೋನು ಹಚ್ಚಿದ್ದು ಆಗ. ಬಹುಮಾನ ಬರಲಿಲ್ಲ. ಕಸ ಬೇರ್ಪಡಿಸುವ ಯಂತ್ರದ ಬಣ್ಣದ ಚಿತ್ರ ತಂದಿದ್ದ ಇನ್ನೊಂದು ತಂಡಕ್ಕೆ ಹೋಯಿತು. ಸರ್ ನಾಲ್ವರಿಗೂ ಮಿರ್ಚಿ ಭಜಿ ತಿನ್ನಿಸಿ ಬಸ್ ಹತ್ತಿಸಿದರು.

ಸಂಜೆ ರೇಣುಕಾಳ ಅವ್ವ ಬ್ಯಾಡಗಿಯಿಂದ ಬಂದಾಗ ನಾನು ಒದ್ದೆ ಸೀರೆಯಲ್ಲಿ ಹೊಸ್ತಿಲ ಮೇಲೆ ಕೂತಿದ್ದೆ. ಮನೆಯೊಳಗಿನ ಎರಡೂ ನೀರಿನ ಬ್ಯಾರಲ್ ತುಂಬಿದ್ದವು. ಅವಳ ಕೈಬೆರಳುಗಳು ಮೆಣಸಿನಕಾಯಿಯ ಖಾರಕ್ಕೆ ಕೆಂಪಾಗಿ ಸುಲಿದಿದ್ದವು. ಬ್ಯಾರಲ್ ನೋಡಿದಳು, ನನ್ನನ್ನು ನೋಡಿದಳು.

"ಟೀಚರ್ರ, ನನ್ನ ಮಗಳು ಪರೀಕ್ಷೆಗೆ ಕುಂದ್ರತಾಳೇನ್ರಿ?"

"ಕುಂದ್ರತಾಳವಾ" ಎಂದೆ.

ಸೋಮವಾರ ಮನೆ ಬಿಡುವ ಮುಂಚೆ ಹೊಸ ಹಾಳೆಯ ಮೇಲೆ ಪಟ್ಟಿ ಬರೆದೆ. ಏಳು ಹೆಸರು ಆರಾದವು. ಅವತ್ತಿನ ಬಸ್ಸಿನಲ್ಲಿ ನಾನೇ ಅದನ್ನು ಸರ್ ಕೈಗೆ ಕೊಟ್ಟೆ, ಸ್ವಲ್ಪ ಜಂಬದಿಂದಲೇ, ಹೊಗಳುತ್ತಾರೆ ಎಂದು ಕಾದೆ. ಅವರು ನಿಧಾನವಾಗಿ ಓದಿದರು. ರೇಣುಕಾಳ ಹೆಸರಿಲ್ಲದ್ದು ಕಂಡು ಮುಖ ಅರಳಿತು. ಆಮೇಲೆ ಮತ್ತೆ ಮೊದಲಿನಿಂದ ಓದಿದರು.

"ಮೇಡಂ, ಈ ಆರು ಮಂದಿ ಮನಿ ಎಲ್ಲಿ ಬರತಾವ್ರಿ?"

ನನಗೆ ಒಬ್ಬರ ಮನೆಯೂ ಗೊತ್ತಿರಲಿಲ್ಲ.